ನರ್ಸಿಂಗ್ ಸೀಟಿಗೆ ಕಾಯುವಾಗ ಬದಲಿ ದಾರಿ ಯಾವುದು ಇಟ್ಟುಕೊಳ್ಳಬೇಕು?
ಪಿಯುಸಿ ವಿಜ್ಞಾನ ಮುಗಿಸಿ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಬಿ.ಎಸ್ಸಿ ನರ್ಸಿಂಗ್ ಸೀಟಿಗೆ ಕಾಯುತ್ತಿದ್ದೀರಿ, ಸಿಗದಿದ್ದರೆ ಏನು ಎಂದು ಕೇಳಿದ್ದೀರಿ. ಸೀಟು ಹಂಚಿಕೆಯ ಮೊದಲ ಸುತ್ತಿನಲ್ಲಿ ಹೆಸರು ಬರಲಿಲ್ಲವೆಂದು ಕೈಚೆಲ್ಲಬೇಡಿ. ಬೇರೆಯವರು ಬಿಟ್ಟ ಸೀಟುಗಳು ಮುಂದಿನ ಸುತ್ತಿಗೆ ಮರಳಿ ಬರುತ್ತವೆ.

ಹೆಚ್ಚು ಮಂದಿ ಎಡವುವುದು ಸೀಟು ಬಂದ ಮೇಲೆ, ಅದನ್ನು ಏನು ಮಾಡುತ್ತೀರಿ ಎಂದು ಆನ್‌ಲೈನ್‌ನಲ್ಲಿ ತಿಳಿಸುವ ನಾಲ್ಕು ಚಾಯ್ಸ್‌ಗಳಲ್ಲಿ ಒಂದನ್ನು ಒತ್ತುವಾಗ. 1 ಒತ್ತಿದರೆ ಆ ಸೀಟೇ ಖಾಯಂ. 2 ಎಂದರೆ ಸೀಟು ಇಟ್ಟುಕೊಂಡೇ ಮೇಲಿನ ಆಯ್ಕೆಗೆ ಕಾಯುವುದು. ಅದು ಸಿಕ್ಕರೆ ಹಳೆಯದು ತಾನಾಗಿ ರದ್ದು. ಹಾಗಾಗಿ ಸೇರುವ ಮನಸ್ಸಿಲ್ಲದ ಕಾಲೇಜನ್ನು ನಿಮ್ಮ ಆಯ್ಕೆಗಳ ಪಟ್ಟಿಯಲ್ಲಿ ಮೇಲಿಡಬೇಡಿ. 3 ಒತ್ತಿದರೆ ಸಿಕ್ಕ ಸೀಟು ಹೋಗಿ ಮುಂದಿನ ಸುತ್ತಿಗೆ, 4 ಒತ್ತಿದರೆ ಹಂಚಿಕೆಯಿಂದಲೇ ಹೊರಗೆ. ಆಗುಂಬೆ, ಹೊಸನಗರ ಕಡೆ ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವುದುಂಟು. ಕೊನೇ ದಿನ ಕಾಯದೆ ತೀರ್ಥಹಳ್ಳಿಗೋ ಶಿವಮೊಗ್ಗಕ್ಕೋ ಬಂದು ಮುಗಿಸಿ. ಒಟಿಪಿ ಬರುವ ಫೋನು ಜೊತೆಗಿರಲಿ.

ಬದಲಿಯಾಗಿ ನಾನು ಮೊದಲು ಹೇಳುವುದು ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ. 3 ವರ್ಷದ ಕೋರ್ಸು. ಅದು ಮುಗಿದು ನರ್ಸ್ ಆಗಿ ನೋಂದಣಿಯಾದ ಮೇಲೆ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ ಓದಿದರೆ ಪದವಿಯೂ ಆಗುತ್ತದೆ. ನೇರ ಬಿ.ಎಸ್ಸಿಗೆ 4 ವರ್ಷ, ಅಂದರೆ ಒಂದೇ ವರ್ಷದ ವ್ಯತ್ಯಾಸ. ಲ್ಯಾಬ್ ಅಥವಾ ಓಟಿ (ಆಪರೇಷನ್ ಥಿಯೇಟರ್) ಟೆಕ್ನಾಲಜಿ ಒಳ್ಳೆಯ ಕೋರ್ಸುಗಳೇ, ಆದರೆ ಅವುಗಳಿಂದ ನರ್ಸ್ ಆಗಲು ಬರುವುದಿಲ್ಲ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಂಥ ಕಡೆ ಸಾಮಾನ್ಯ ಬಿ.ಎಸ್ಸಿಗೂ ಒಂದು ಅರ್ಜಿ ಇರಲಿ.

ಖಾಸಗಿ ಕಾಲೇಜಿಗೆ ದುಡ್ಡು ಕಟ್ಟುವ ಮುಂಚೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆಯನ್ನೂ ತರಬೇತಿ ಯಾವ ಆಸ್ಪತ್ರೆಯಲ್ಲಿ ಎಂಬುದನ್ನೂ ವಿಚಾರಿಸಿ. ಮೂಲ ಅಂಕಪಟ್ಟಿ, ಟಿಸಿ ಮಾತ್ರ ಕೊಡಲೇಬೇಡಿ. ಸರ್ಕಾರಿ ಸೀಟು ಬಂದ ದಿನ ಅವು ವಾಪಸು ಸಿಗದೆ ಒದ್ದಾಡಬೇಕಾಗುತ್ತದೆ.