ಆ ಎಂಬತ್ತರಲ್ಲಿ ಅಪ್ಪ ಇದ್ದಾರಾ?

ಓದುಗರ ಪತ್ರ: ಅಪ್ಪನಿಗೆ 64 ವರ್ಷ, ಟೈಲರ್. ಮೂರು ವಾರದ ಹಿಂದೆ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಯಿತು. ಎರಡನೇ ಹಂತ ಅಂದಿದ್ದಾರೆ. ಒಬ್ಬ ಡಾಕ್ಟರು ಕೀಮೋ ಬೇಡ ಅನ್ನುತ್ತಾರೆ, ಇನ್ನೊಬ್ಬರು ಕೊಡಿಸಿದರೆ ಒಳ್ಳೆಯದು ಅನ್ನುತ್ತಾರೆ. ಇಂಥವರಲ್ಲಿ ನೂರಕ್ಕೆ 80 ಜನ ಐದು ವರ್ಷ ದಾಟುತ್ತಾರೆ ಅಂತ ಓದಿದೆ. ಅಪ್ಪ ಆ 80ರಲ್ಲಿ ಇದ್ದಾರಾ, 20ರಲ್ಲಾ? ರಿಸ್ಕ್ ಯಾಕೆ, ಕೊಡಿಸಿಯೇ ಬಿಡೋಣ ಅಂತ ಅಣ್ಣ ಹಟ ಹಿಡಿದಿದ್ದಾನೆ. ರಿಪೋರ್ಟ್ ಜೊತೆಗಿದೆ.

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ರಿಪೋರ್ಟನ್ನು ನಾಲ್ಕು ಸಲ. ನಾನು ಡಾಕ್ಟರಲ್ಲ. ತೀರ್ಮಾನ ನಿಮ್ಮ ಡಾಕ್ಟರ ಎದುರು ಕೂತೇ ಆಗಬೇಕು. ಆದರೆ ಅಲ್ಲಿಗೆ ಹೋಗುವ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ.

ನೀವು ಎರಡು ಪ್ರಶ್ನೆಗಳನ್ನು ಒಂದೇ ಅಂದುಕೊಂಡಿದ್ದೀರಿ. ಕಾಯಿಲೆ ಮತ್ತೆ ಬರುವ ಅಪಾಯ ಎಷ್ಟು ಅನ್ನುವುದು ಒಂದು. ಆ ಅಪಾಯವನ್ನು ಕೀಮೋ ಎಷ್ಟು ತಗ್ಗಿಸುತ್ತದೆ ಅನ್ನುವುದು ಇನ್ನೊಂದು. ಅಪಾಯ ಇದೆ ಅಂದ ಮಾತ್ರಕ್ಕೆ ಔಷಧ ಅದನ್ನು ಅಳಿಸುತ್ತದೆ ಅಂತಲ್ಲ.

2007ರಲ್ಲಿ ಪ್ರಕಟವಾದ ಕ್ವಾಸಾರ್ ಅಧ್ಯಯನದಲ್ಲಿ 3,239 ರೋಗಿಗಳಿದ್ದರು, ಹೆಚ್ಚಿನವರು ಎರಡನೇ ಹಂತದವರು. ಅದರ ಲೆಕ್ಕವನ್ನು ನಿಮ್ಮ 80ಕ್ಕೆ ಹೊಂದಿಸಿ ನೋಡೋಣ. ನೂರು ಜನಕ್ಕೆ ಕೀಮೋ ಕೊಟ್ಟರು ಅಂದುಕೊಳ್ಳಿ. 80 ಜನ ಕೀಮೋ ಇಲ್ಲದೆಯೂ ಐದು ವರ್ಷ ದಾಟುತ್ತಿದ್ದರು. ಸುಮಾರು 16 ಜನ ಕೀಮೋ ತಗೊಂಡೂ ಉಳಿಯಲಿಲ್ಲ. ಔಷಧದಿಂದ ಉಳಿದವರು ಮೂರೋ ನಾಲ್ಕೋ ಜನ. ಅವರು ಯಾರು ಅಂತ ಮೊದಲೇ ಗೊತ್ತಿಲ್ಲದ್ದಕ್ಕೆ ನೂರೂ ಜನ ತಿಂಗಳುಗಟ್ಟಲೆ ಔಷಧ ಏರಿಸಿಕೊಳ್ಳಬೇಕಾಯಿತು. ನಿಮ್ಮ ಇಬ್ಬರು ಡಾಕ್ಟರುಗಳ ಭಿನ್ನಾಭಿಪ್ರಾಯ ಹುಟ್ಟುವುದೇ ಇಲ್ಲಿ. ಅವರಲ್ಲಿ ಯಾರೂ ತಪ್ಪು ಹೇಳುತ್ತಿಲ್ಲ.

ಈಗ ರಿಪೋರ್ಟ್. ಅದರಲ್ಲೊಂದು ಸಾಲಿದೆ: 9 ದುಗ್ಧಗ್ರಂಥಿ (ಲಿಂಫ್ ನೋಡ್) ಪರೀಕ್ಷಿಸಿದೆ, ಯಾವುದರಲ್ಲೂ ಕ್ಯಾನ್ಸರ್ ಇಲ್ಲ. ಓದಿ ನೀವು ನಿಟ್ಟುಸಿರು ಬಿಟ್ಟಿರುತ್ತೀರಿ. ನನಗೆ ಆ 9 ಸಮಾಧಾನ ಕೊಡಲಿಲ್ಲ. ಕನಿಷ್ಠ 12 ನೋಡಬೇಕು ಅನ್ನುವುದು ಎಲ್ಲ ಕಡೆ ಒಪ್ಪಿರುವ ನಿಯಮ. ಕತ್ತರಿಸಿ ತೆಗೆದ ಕರುಳಿಗೆ ಅಂಟಿದ ಕೊಬ್ಬನ್ನು ಪೆಥಾಲಜಿಸ್ಟ್ ತೆಳ್ಳಗೆ ಸೀಳಿ, ಬೆರಳಲ್ಲಿ ಒತ್ತಿ ಒತ್ತಿ ಈ ಗ್ರಂಥಿಗಳನ್ನು ಹುಡುಕುತ್ತಾರೆ. ಕೆಲವು ಗುಂಡುಸೂಜಿಯ ತಲೆಯಷ್ಟೇ ಇರುತ್ತವೆ. ಕಣ್ಣು ತಪ್ಪಿದ ಒಂದರಲ್ಲಿ ಕ್ಯಾನ್ಸರ್ ಇದ್ದರೆ ಅಪ್ಪನದು ಎರಡನೇ ಹಂತವೇ ಅಲ್ಲ, ಮೂರನೆಯದು. ಆಗ ಲೆಕ್ಕ ಪೂರ್ತಿ ಬದಲಾಗುತ್ತದೆ. ಮೂರನೇ ಹಂತದಲ್ಲಿ ಕೀಮೋದ ಲಾಭ ಎದ್ದು ಕಾಣುವಷ್ಟು ಜಾಸ್ತಿ.

ಇರಬೇಕಾದ ಇನ್ನೊಂದು ಸಾಲು ರಿಪೋರ್ಟಿನಲ್ಲಿ ಇಲ್ಲವೇ ಇಲ್ಲ. ಎಂಎಂಆರ್ ಪರೀಕ್ಷೆ. ಜೀವಕೋಶ ಎರಡಾಗುವಾಗ ಡಿಎನ್‌ಎ ನಕಲಿನಲ್ಲಿ ಆಗುವ ತಪ್ಪು ತಿದ್ದುವ ಪ್ರೋಟೀನುಗಳಿವೆ. ಕೆಲವರ ಗಡ್ಡೆಯಲ್ಲಿ ಅವು ಕೆಟ್ಟಿರುತ್ತವೆ. ಈ ಪರೀಕ್ಷೆ ನೋಡುವುದು ಅದನ್ನೇ. ಕೇಳಲು ಕೆಟ್ಟ ಸುದ್ದಿ, ಆದರೆ ಎರಡನೇ ಹಂತದಲ್ಲಿ ಇದು ಒಳ್ಳೆಯ ಸುದ್ದಿ. ಇಂಥವರಲ್ಲಿ ಕಾಯಿಲೆ ಮರಳುವುದು ಕಡಿಮೆ, ಮತ್ತು ಫ್ಲೋರೋಯುರಾಸಿಲ್ ಅನ್ನುವ ಕೀಮೋ ಔಷಧ ಒಂದನ್ನೇ ಕೊಟ್ಟರೆ ಪ್ರಯೋಜನ ಕಾಣುವುದಿಲ್ಲ. ಅಪ್ಪ ಈ ಗುಂಪಿನವರಾದರೆ ಅಣ್ಣನ 'ಕೊಡಿಸಿಯೇ ಬಿಡೋಣ'ಕ್ಕೆ ಅರ್ಥವೇ ಇರುವುದಿಲ್ಲ, ಅಲ್ವಾ? ಈ ಪರೀಕ್ಷೆ ಮಾಡದೆ ಕೀಮೋ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ.

ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಚೂರುಗಳನ್ನು ಹುಡುಕುವ ಪರೀಕ್ಷೆಯ ಬಗ್ಗೆಯೂ ಕೇಳಿ. 2022ರಲ್ಲಿ ಪ್ರಕಟವಾದ ಡೈನಾಮಿಕ್ ಅಧ್ಯಯನದಲ್ಲಿ ಎರಡನೇ ಹಂತದ 455 ಜನರಿದ್ದರು. ರಕ್ತದ ಫಲಿತಾಂಶ ನೋಡಿ ನಿರ್ಧರಿಸಿದ ಗುಂಪಿನಲ್ಲಿ ನೂರಕ್ಕೆ 15 ಜನಕ್ಕೆ ಕೀಮೋ ಸಿಕ್ಕಿತು, ಮಾಮೂಲಿ ಗುಂಪಿನಲ್ಲಿ 28 ಜನಕ್ಕೆ. ಎರಡು ವರ್ಷದ ನಂತರ ಕಾಯಿಲೆ ಮರಳದವರ ಪ್ರಮಾಣ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ: 93.5 ಮತ್ತು 92.4. ಚೂರು ಸಿಗಲಿಲ್ಲ ಅಂದರೆ ಪೂರ್ತಿ ಪಾರಾದಂತೆ ಅಲ್ಲ. ಆದರೂ ನೂರು ಜನರ ಲೆಕ್ಕದಿಂದ ನಿಮ್ಮ ಅಪ್ಪನ ಕಡೆಗೆ ಇದು ಒಂದು ಹೆಜ್ಜೆ ಹತ್ತಿರ ಬರುತ್ತದೆ.

'ರಿಸ್ಕ್ ಯಾಕೆ' ಅಂತ ಅಣ್ಣ ಕೇಳಿದ್ದಾರೆ. ಕೀಮೋ ಕೂಡ ರಿಸ್ಕೇ. ನನ್ನ ಚಿಕ್ಕಮ್ಮನಿಗೆ ಮೂರನೇ ಹಂತದಲ್ಲಿ ಆಕ್ಸಾಲಿಪ್ಲಾಟಿನ್ ಅನ್ನುವ ಇನ್ನೊಂದು ಕೀಮೋ ಔಷಧ ಕೊಟ್ಟರು. ಅವರಿಗೆ ಅದು ಬೇಕೇ ಬೇಕಿತ್ತು, ಇವತ್ತು ನಮ್ಮ ಜೊತೆ ಇದ್ದಾರೆ. ಆದರೆ ಫ್ರಿಜ್ ಬಾಗಿಲು ತೆಗೆಯಲು ಕೈಗವಸು ಹಾಕುತ್ತಿದ್ದರು. ತಣ್ಣಗಿನ ಲೋಟ ಮುಟ್ಟಿದರೆ ಕರೆಂಟ್ ಹೊಡೆದ ಹಾಗೆ. ಬೆರಳ ತುದಿಯ ಜೋಮು ಇನ್ನೂ ಹೋಗಿಲ್ಲ, ರವಿಕೆಯ ಹುಕ್ಕು ಮಗಳು ಹಾಕಬೇಕು. ಎರಡನೇ ಹಂತದವರಲ್ಲಿ ಆಕ್ಸಾಲಿಪ್ಲಾಟಿನ್ ಸೇರಿಸಿದ್ದರಿಂದ ಆಯುಸ್ಸು ಹೆಚ್ಚಿದ್ದು ಕಂಡಿಲ್ಲ. ನಿಮ್ಮ ಅಪ್ಪ ಸೂಜಿಗೆ ದಾರ ಪೋಣಿಸಿ ಬದುಕಿದವರು. ಕೊಡುವುದೇ ಆದರೆ ಯಾವ ಔಷಧ, ಎಷ್ಟು ತಿಂಗಳು ಅಂತ ಬಿಡಿಸಿ ಕೇಳಿ. ಅವರು ಟೈಲರ್ ಅನ್ನುವುದನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ಕೀಮೋ ಬೇಕಾದರೆ ಸಾಮಾನ್ಯವಾಗಿ ಆಪರೇಷನ್ ಆದ ಎಂಟು ವಾರದೊಳಗೆ ಶುರು ಮಾಡುತ್ತಾರೆ. ಮೂರು ವಾರ ಆಗಿಹೋಗಿದೆ. ನಾಳೆಯೇ ಲ್ಯಾಬಿಗೆ ಹೋಗಿ. ತೆಗೆದ ಕರುಳಿನ ಭಾಗ ಇನ್ನೂ ಫಾರ್ಮಲಿನ್‌ನಲ್ಲಿ ಇದ್ದರೆ ಮತ್ತಷ್ಟು ಗ್ರಂಥಿ ಹುಡುಕಲು ಕೇಳಿಕೊಳ್ಳಿ. ಎಂಎಂಆರ್ ಪರೀಕ್ಷೆಗೆ ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕ್ ಸಾಕು.

ಇನ್ನೊಂದು ಮಾತು. ಪತ್ರದಲ್ಲಿ ಇಬ್ಬರು ಡಾಕ್ಟರಿದ್ದಾರೆ, ಅಣ್ಣ ಇದ್ದಾರೆ, ನೀವಿದ್ದೀರಿ. ಅಪ್ಪ ಏನಂದರು ಅಂತ ಒಂದು ಸಾಲೂ ಇಲ್ಲ. ಈ 80, 16, 4ರ ಲೆಕ್ಕವನ್ನು ಅವರ ಮುಂದೆಯೇ ಕೂತು ಹೇಳಿ. ನೂರಕ್ಕೆ ನಾಲ್ಕು ಅವರಿಗೆ ದೊಡ್ಡದಾಗಿ ಕಾಣಬಹುದು, ಸಣ್ಣದಾಗಿಯೂ ಕಾಣಬಹುದು. ಅವರು ಏನಂದರು ಅಂತ ನನಗೂ ಬರೆಯಿರಿ.