ತಮ್ಮನಿಗೆ ಲಾಂಗ್ ಕ್ಯೂಟಿ, ನನಗೆ ಆ್ಯಂಟಿ-ರೋ: ಎರಡಕ್ಕೂ ನಂಟಿದೆಯೇ?

ಪ್ರಶ್ನೆ: ನನಗೆ 34 ವರ್ಷ. ಕಣ್ಣು, ಬಾಯಿ ಒಣಗುತ್ತಿದ್ದುದಕ್ಕೆ ಪರೀಕ್ಷೆ ಮಾಡಿಸಿದಾಗ ಶೋಗ್ರೆನ್ ಕಾಯಿಲೆ (ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಗ್ರಂಥಿಗಳ ಮೇಲೆ ತಿರುಗಿಬೀಳುವುದು) ಎಂದರು, ಆ್ಯಂಟಿ-ರೋ ಎಂಬ ಪ್ರತಿಕಾಯ ಪಾಸಿಟಿವ್. ಅದಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ತಮ್ಮನಿಗೆ ಲಾಂಗ್ ಕ್ಯೂಟಿ (ಪ್ರತಿ ಬಡಿತದ ವಿದ್ಯುತ್ ಚಟುವಟಿಕೆ ಮುಗಿದು ಹೃದಯ ಮತ್ತೆ ಅಣಿಯಾಗಲು ಹೆಚ್ಚು ಹೊತ್ತು ಹಿಡಿಯುವ ತೊಂದರೆ; ಇಸಿಜಿಯಲ್ಲಿ ಆ ಹೊತ್ತೇ ಕ್ಯೂಟಿ) ಇರುವುದು ಜೀನ್ ಪರೀಕ್ಷೆಯಲ್ಲಿ ಖಚಿತವಾಗಿದೆ. ಈಗ ನನ್ನ ಇಸಿಜಿಯಲ್ಲೂ ಕ್ಯೂಟಿಸಿ (ನಾಡಿಯ ವೇಗಕ್ಕೆ ಸರಿಹೊಂದಿಸಿದ ಕ್ಯೂಟಿ) 475 ಮಿಲಿಸೆಕೆಂಡ್. ಇದು ವಂಶದಿಂದ ಬಂದದ್ದೇ, ನನ್ನ ಕಾಯಿಲೆಯಿಂದಲೇ?
— ಹೆಸರು ಬೇಡ, ಹಾಸನ

ಉತ್ತರ: ಎರಡೂ ಇರಬಹುದು, ಮಾತ್ರೆಯ ಪಾಲೂ ಸೇರಿರಬಹುದು. ಪ್ರತಿ ಬಡಿತದ ನಂತರ ಹೃದಯದ ಜೀವಕೋಶದಿಂದ ಪೊಟ್ಯಾಸಿಯಂ ಹೊರಹೋದರೆ ಮಾತ್ರ ಅದು ಮುಂದಿನ ಬಡಿತಕ್ಕೆ ಅಣಿಯಾಗುತ್ತದೆ. ಹಾಗೆ ಹೊರಹೋಗುವ ಮುಖ್ಯ ದಾರಿಗಳಲ್ಲಿ ಹರ್ಗ್ ಚಾನೆಲ್ ಒಂದು. ಲಾಂಗ್ ಕ್ಯೂಟಿಯ ಎರಡನೇ ಬಗೆಯಲ್ಲಿ ಹುಟ್ಟಿನಿಂದಲೇ ಇದರ ಜೀನ್‌ನಲ್ಲಿ ದೋಷವಿರುತ್ತದೆ. ಆ್ಯಂಟಿ-ರೋ ಪ್ರತಿಕಾಯ, ಅದರಲ್ಲೂ ರೋ-52 ವಿರುದ್ಧದ್ದು, ಇದೇ ಚಾನೆಲ್‌ಗೆ ಅಡ್ಡಿಯಾಗುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ನಿಮ್ಮ ಮಾತ್ರೆಯೂ ಅಲ್ಲೇ ತಡೆಯೊಡ್ಡುತ್ತದೆ. ಹಾಗೆಂದು ಆ್ಯಂಟಿ-ರೋ ಇರುವ ಎಲ್ಲರ ಕ್ಯೂಟಿಯೂ ಉದ್ದವಾಗುವುದಿಲ್ಲ.

ಮೊದಲು ಆ 475 ನಿಜವೇ ನೋಡಿ. ಯಂತ್ರ ಅಚ್ಚುಹಾಕಿದ ಅಂಕಿಯನ್ನೇ ನೆಚ್ಚಿಕೊಳ್ಳದೆ ವೈದ್ಯರಿಂದ ಕೈಯಲ್ಲೇ ಅಳೆಸಿ. ಮಾಮೂಲಿ ಇಸಿಜಿ ಕಾಗದದಲ್ಲಿ ಒಂದು ಸಣ್ಣ ಚೌಕ 40 ಮಿಲಿಸೆಕೆಂಡ್. ಕ್ಯೂಟಿ 10 ಚೌಕ, ಅಂದರೆ 400 ಇದೆಯೆನ್ನಿ. ನಾಡಿ 60 ಇದ್ದರೆ ಕ್ಯೂಟಿಸಿಯೂ 400. ನಾಡಿ 90 ಇದ್ದರೆ, ನಾಡಿಗೆ ತಕ್ಕಂತೆ ಕ್ಯೂಟಿಯನ್ನು ಸರಿಹೊಂದಿಸುವ ಬ್ಯಾಜೆಟ್ ಸೂತ್ರ ಅದನ್ನೇ 490 ಮಾಡುತ್ತದೆ! ಗಾಬರಿಯಲ್ಲಿ ತೆಗೆಸಿದ ಇಸಿಜಿಯ ಪಾಡು ಇದು. ಸ್ವಲ್ಪ ಹೊತ್ತು ಮಲಗಿದ್ದು, ನಾಡಿ ಇಳಿದ ಮೇಲೆ ಮತ್ತೆ ತೆಗೆಸಿ. ಹೆಂಗಸರಲ್ಲಿ 460ರವರೆಗೆ ಸಹಜ. 500 ದಾಟಿದರೆ ಹೃದಯದ ಲಯ ತಪ್ಪುವ ಅಪಾಯ ಜಾಸ್ತಿ.

ಜೀನ್ ಪರೀಕ್ಷೆಗೆ ಇಡೀ ಪ್ಯಾನೆಲ್ (ಹಲವು ಜೀನ್‌ಗಳ ಪರೀಕ್ಷೆ) ಬೇಕಿಲ್ಲ. ತಮ್ಮನ ವರದಿ ಕೊಟ್ಟು, ಅದರಲ್ಲಿರುವ ದೋಷವೊಂದನ್ನೇ ಹುಡುಕಿಸಿ. ಅದು ತಂದೆ ಅಥವಾ ತಾಯಿಯಿಂದ ಬಂದಿದ್ದರೆ ನಿಮ್ಮಲ್ಲಿರುವ ಸಾಧ್ಯತೆ ಸಾಮಾನ್ಯವಾಗಿ ಶೇ. 50. ಸಿಕ್ಕಿದರೆ ಹೃದಯದ ಲಯ ಕಾಯುವ ಔಷಧಗಳಾದ ಪ್ರೊಪ್ರನೊಲಾಲ್ ಅಥವಾ ನಾಡೊಲಾಲ್ ಬೇಕೇ ಎಂದು ಹೃದ್ರೋಗ ತಜ್ಞರು ಹೇಳುತ್ತಾರೆ. ಸಿಗದಿದ್ದರೆ ಅನುಮಾನ ಪ್ರತಿಕಾಯ ಮತ್ತು ಮಾತ್ರೆಯ ಕಡೆ ತಿರುಗುತ್ತದೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ವಾತರೋಗ ತಜ್ಞರೂ ಹೃದ್ರೋಗ ತಜ್ಞರೂ ಮಾತಾಡಿಕೊಂಡು ನಿರ್ಧರಿಸಲಿ.

ಅಷ್ಟರಲ್ಲಿ ರಕ್ತದ ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡಿಸಿ. ವಾಂತಿ-ಭೇದಿಯಾದರೆ ಇವು ಬೇಗ ಇಳಿದು ಕ್ಯೂಟಿ ಇನ್ನಷ್ಟು ಉದ್ದವಾಗುತ್ತದೆ. ಗ್ಯಾಸ್ ಎಂದರೆ ಸಾಕು, ಮೆಡಿಕಲ್ ಶಾಪಿನಲ್ಲಿ ಪ್ಯಾಂಟಪ್ರಝೋಲ್ ಜೊತೆ ಡಾಂಪೆರಿಡೋನ್ ಸೇರಿರುವ ಕ್ಯಾಪ್ಸೂಲ್ ಕೈಗಿಡುತ್ತಾರೆ. ಡಾಂಪೆರಿಡೋನ್ ಕ್ಯೂಟಿಯನ್ನು ಉದ್ದ ಮಾಡಬಲ್ಲದು, ಅದು ನಿಮಗೆ ಬೇಡ. ಇದೇ ತೊಂದರೆಯಿರುವ ಅಜಿಥ್ರೋಮೈಸಿನ್, ಫ್ಲುಕೊನಜೋಲ್, ಆಂಡನ್ಸೆಟ್ರಾನ್ ಬರೆದುಕೊಡುವವರಿಗೂ ಮೊದಲೇ ತಿಳಿಸಿ. ಓಡುವಾಗ, ಈಜುವಾಗ ಅಥವಾ ಅಲಾರಂ ಸದ್ದಿಗೆ ಬೆಚ್ಚಿಬಿದ್ದು ಪ್ರಜ್ಞೆ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೋಗಿ.

ಮಗುವಿನ ಯೋಚನೆಯಿದ್ದರೆ ಗರ್ಭ ನಿಲ್ಲುವ ಮುನ್ನವೇ ಪ್ರಸೂತಿ ತಜ್ಞರಿಗೆ ಆ್ಯಂಟಿ-ರೋ ವಿಷಯ ಹೇಳಿ. ಈ ಪ್ರತಿಕಾಯ ಮಾಸಿನ ಮೂಲಕ ಮಗುವಿಗೆ ದಾಟಿ, ನೂರರಲ್ಲಿ ಒಂದೆರಡು ಕಡೆ ಹಾರ್ಟ್ ಬ್ಲಾಕ್ (ರಕ್ತನಾಳದ ಅಡಚಣೆಯಲ್ಲ, ಬಡಿತದ ವಿದ್ಯುತ್ ಸಂಕೇತಕ್ಕೆ ತಡೆ) ಉಂಟುಮಾಡುತ್ತದೆ. ಹೆಚ್ಚಾಗಿ 18ರಿಂದ 24ನೇ ವಾರದೊಳಗೆ.