ಚಿಕ್ಕಮಗಳೂರಿನಲ್ಲಿ ಒಂಬತ್ತನೇ ಕ್ಲಾಸ್ ಓದುವ ಮಗಳು ‘ದಿ ಗ್ಲೋರಿ’ ಅನ್ನೋ ಕೊರಿಯನ್ ಸರಣಿ ನೋಡಬೇಕು ಅನ್ನುತ್ತಿದ್ದಾಳೆ. ಬಿಡಬಹುದಾ?

ಈಗಲೇ ಬೇಡ ಅಂತ ನನ್ನ ಅಭಿಪ್ರಾಯ. ಕೊರಿಯಾದಲ್ಲೇ ಈ ಸರಣಿಯನ್ನು ದೊಡ್ಡವರಿಗೆ ಮಾತ್ರ ಅಂತ ಇಟ್ಟಿದ್ದಾರೆ. 2022ರ ಡಿಸೆಂಬರ್ 30ಕ್ಕೆ ಎಂಟು ಕಂತು, 2023ರ ಮಾರ್ಚ್ 10ಕ್ಕೆ ಇನ್ನೆಂಟು ನೆಟ್‌ಫ್ಲಿಕ್ಸ್‌ಗೆ ಬಂದವು.

ಇದರ ಕಥೆಯಲ್ಲಿ ಶಾಲೆಯ ಜಿಮ್‌ನಲ್ಲಿ ಒಬ್ಬ ಹುಡುಗಿಯನ್ನು ಜೊತೆಯವರೇ ಹಿಡಿದುಕೊಂಡು, ಕೂದಲು ನೇರ ಮಾಡುವ ಬಿಸಿ ಯಂತ್ರದಿಂದ ಸುಡುತ್ತಾರೆ. ಇದು ಸುಮ್ನೆ ಕಲ್ಪನೆ ಅಲ್ಲ. 2006ರಲ್ಲಿ ದಕ್ಷಿಣ ಕೊರಿಯಾದ ಚೊಂಗ್ಜು ಊರಿನ ಶಾಲೆಯೊಂದರಲ್ಲಿ ಇಂಥದ್ದೇ ನಡೆದಿತ್ತು. ನನ್ನನ್ನು ಅದಕ್ಕಿಂತ ಜಾಸ್ತಿ ಕಾಡಿದ್ದು ಸರಣಿಯಲ್ಲಿ ಆಮೇಲೆ ಬರುವುದು. ನೊಂದವಳಿಗೇ ಮೇಷ್ಟ್ರು ಹೊಡೆಯುತ್ತಾರೆ. ತಾಯಿ ದುಡ್ಡು ತಗೊಂಡು, ಶಾಲೆ ಬಿಡಿಸುವ ಕಾಗದಕ್ಕೆ ಸಹಿ ಹಾಕುತ್ತಾಳೆ. ಸೇಡು ಹುಟ್ಟುವುದೇ ಅಲ್ಲಿ. ದೊಡ್ಡವಳಾದ ಮೇಲೆ ಅವಳು ಹಿಂಸೆ ಕೊಟ್ಟವಳ ಮಗಳಿಗೇ ಟೀಚರ್ ಆಗಿ ಹೋಗುತ್ತಾಳೆ.

ಆದರೆ ನಿಮ್ಮ ಮಗಳು ಯಾಕೆ ಕೇಳುತ್ತಿದ್ದಾಳೆ ಅಂತ ನೋಡಿ. ಕೊರಿಯನ್ ಡ್ರಾಮಾ ಹುಚ್ಚಾ, ಇಲ್ಲ ಅವಳ ಕ್ಲಾಸಲ್ಲೇ ಏನಾದರೂ ನಡೆಯುತ್ತಿದೆಯಾ? ನಮ್ಮಲ್ಲಿ ಮೂಡಿಗೆರೆ, ಕೊಪ್ಪದ ತೋಟಗಳಿಂದ ಬಂದು ಹಾಸ್ಟೆಲ್‌ನಲ್ಲಿರುವ ಮಕ್ಕಳು ಎಷ್ಟೋ ಜನ. ಅವರಂತೂ ಕಾಟ ಕೊಡುವವರ ಜೊತೆಗೇ ರಾತ್ರಿಯೂ ಇರಬೇಕು, ಅಲ್ವಾ? ಭಾನುವಾರ ಸಂಜೆ ಬಂತೆಂದರೆ ಹೊಟ್ಟೆನೋವು, ಹೊಸ ನೋಟ್‌ಬುಕ್ ಪದೇ ಪದೇ ಕಳೆಯುವುದು ಕಂಡರೆ ಬೈಯಬೇಡಿ, ಪಕ್ಕ ಕೂತು ಕೇಳಿ. ಶಾಲೆಗೆ ದೂರನ್ನು ಬರೆದೇ ಕೊಡಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಅಲ್ಲೂ ಕಿವಿಗೆ ಹಾಕಿಕೊಳ್ಳದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಬೀಳುವುದಿಲ್ಲ. ಮಗಳಿಗೂ ಆ ನಂಬರ್ ಬಾಯಿಪಾಠ ಮಾಡಿಸಿ.